ಮನೆಯಲ್ಲೇ ಕಟ್ಟುವ ಶಕ್ತಿಯ ಉಂಡೆ: ಸಿಹಿ ಎಷ್ಟು, ಸತ್ವ ಎಷ್ಟು?

ನಗರಗಳ ಅಂಗಡಿಗಳಲ್ಲಿ 'ಎನರ್ಜಿ ಬಾಲ್' ಎಂಬ ಹೆಸರಿನಿಂದ ಮಾರಾಟವಾಗುತ್ತಿರುವ ದುಬಾರಿ ಪೊಟ್ಟಣವನ್ನು ಬಿಚ್ಚಿ ನೋಡಿದರೆ ಒಳಗಿರುವುದು ಖರ್ಜೂರ, ಒಂದೆರಡು ಬಗೆಯ ಬೀಜ, ಒಣಹಣ್ಣು ಮತ್ತು ಒಂದಿಷ್ಟು ಕೊಬ್ಬರಿ ಅಥವಾ ಕೋಕೋ ಪುಡಿ. ಕನ್ನಡ ನಾಡಿನ ಅಡುಗೆಮನೆಗೆ ಇದು ಹೊಸ ಪರಿಚಯವೇನಲ್ಲ. ಬಾಣಂತಿಗೆ ಅಂಟಿನುಂಡೆ, ಪಂಚಮಿಗೆ ಶೇಂಗಾ ಉಂಡಿ, ಹೊಲಕ್ಕೆ ಹೋಗುವವನ ಬುತ್ತಿಗೆ ಹುರಿಹಿಟ್ಟಿನ ಮುದ್ದೆ, ಶಾಲೆಯಿಂದ ಬಂದ ಮಗುವಿನ ಕೈಗೆ ಪುರಿ ಉಂಡೆ - ಹೀಗೆ ದುಡಿಮೆ, ಹೆರಿಗೆ, ಹಬ್ಬ ಮತ್ತು ಹಸಿವುಗಳೆಲ್ಲಕ್ಕೂ ಒಂದೊಂದು ಉಂಡೆಯನ್ನು ಇಲ್ಲಿನ ಹೆಣ್ಣುಮಕ್ಕಳು ಎಂದೋ ಕಟ್ಟಿಟ್ಟಿದ್ದಾರೆ.

ಹೊಸದೇನಾದರೂ ಇದ್ದರೆ ಅದು ಹೆಸರಿನ ಜತೆ ಅಂಟಿಕೊಂಡಿರುವ 'ಆರೋಗ್ಯಕರ' ಎಂಬ ವಿಶೇಷಣ ಮಾತ್ರ. ಈ ವಿಶೇಷಣವನ್ನು ನಂಬಿ ದಿನಕ್ಕೆ ನಾಲ್ಕೈದು ಉಂಡೆ ತಿನ್ನುವವರಿದ್ದಾರೆ. ಬೆಲ್ಲ ಹಾಕಿದ್ದರಿಂದ ಮಧುಮೇಹಿಗಳಿಗೂ ತೊಂದರೆಯಿಲ್ಲ ಎಂದು ಬಡಿಸುವವರೂ ಇದ್ದಾರೆ. ಉಂಡೆ ನಿಜಕ್ಕೂ ಸತ್ವಯುತವೇ, ಅಥವಾ ಉಡುಪು ಬದಲಿಸಿದ ಮಿಠಾಯಿಯೇ ಎಂಬುದು ಅದರೊಳಗೆ ಏನು ಎಷ್ಟು ಬಿದ್ದಿದೆ ಎಂಬುದನ್ನು ಅವಲಂಬಿಸಿದೆ.

ನಾಡಿನ ಉಂಡೆಗಳು

ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಯೆಂದರೆ ಜೋಕಾಲಿ ಮತ್ತು ಉಂಡಿ. ತವರಿಗೆ ಬಂದ ಹೆಣ್ಣುಮಕ್ಕಳಿಗಾಗಿ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟಿನ ಉಂಡಿ, ಗುಳ್ಳಡಕಿ ಉಂಡಿ, ರವೆ ಉಂಡಿ, ಬೇಸನ್ ಉಂಡಿಗಳನ್ನು ಹಬ್ಬಕ್ಕೆ ಮುನ್ನವೇ ಡಬ್ಬಿ ತುಂಬಿಸಿಡುವ ರೂಢಿಯಿದೆ. ಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡಬಾರದೆಂಬ ಕಟ್ಟಳೆ ಹಲವು ಮನೆಗಳಲ್ಲಿ ಉಳಿದುಬಂದಿರುವುದರಿಂದ ಕೆಡದೆ ಉಳಿಯುವ ತಿನಿಸೇ ಆ ದಿನದ ಆಸರೆ. ಹಳೆಯ ಮೈಸೂರು ಭಾಗದಲ್ಲಿ ಅದೇ ಹಬ್ಬಕ್ಕೆ ಚಿಗಳಿ ಮತ್ತು ತಂಬಿಟ್ಟು ನೈವೇದ್ಯವಾಗುತ್ತವೆ. ಇದೇ ತಂಬಿಟ್ಟು ಗ್ರಾಮದೇವತೆಯ ಜಾತ್ರೆಯಲ್ಲಿ ಆರತಿಯಾಗಿ ಹೆಂಗಸರ ತಲೆಯ ಮೇಲೇರುತ್ತದೆ. ಕೊಡಗಿನ ತಂಬುಟ್ಟು ಬೇರೆಯೇ ಬಗೆಯದು: ಹುರಿದ ಅಕ್ಕಿಯ ಹಿಟ್ಟನ್ನು ಕಳಿತ ಬಾಳೆಹಣ್ಣಿನೊಡನೆ ಹಿಸುಕಿ, ತುಪ್ಪ, ಎಳ್ಳು, ಕಾಯಿತುರಿಗಳೊಡನೆ ಪುತ್ತರಿ ಹಬ್ಬದಲ್ಲಿ ಬಡಿಸಲಾಗುತ್ತದೆ.

ಬೆಳಗಾವಿ ಜಿಲ್ಲೆಯ ಗೋಕಾಕ ಹಾಗೂ ಬಾಗಲಕೋಟೆ ಜಿಲ್ಲೆಯ ಅಮೀನಗಡಗಳು ಕರದಂಟಿಗೆ ಹೆಸರಾಗಿವೆ. ಕರಿದ ಅಂಟೇ ಕರದಂಟು. ಹೆಸರಿನಲ್ಲೇ ವಿಧಾನವೂ ಅಡಗಿದೆ. ಬಾಣಂತಿಯ ಅಂಟಿನುಂಡೆ ಇದರ ಮನೆಯ ರೂಪ. ತುಪ್ಪದಲ್ಲಿ ಅರಳಿಸಿದ ಅಂಟು, ಉತ್ತತ್ತಿ, ಒಣಕೊಬ್ಬರಿ, ಗೋಡಂಬಿ, ಗಸಗಸೆ, ಬೆಲ್ಲ ಸೇರಿ ಆಗುವ ಈ ಉಂಡೆಯನ್ನು ಕಟ್ಟುವ ಅಜ್ಜಿಯರು ದಿನಕ್ಕೆ ಒಂದೇ ಎಂದು ಕಟ್ಟುನಿಟ್ಟು ಮಾಡುತ್ತಿದ್ದುದು ಜಿಪುಣತನದಿಂದಲ್ಲ. ಅದು ಆಹಾರವೂ ಹೌದು, ಅಳತೆಯಿರುವ ಪಥ್ಯವೂ ಹೌದು.

ಉಂಡೆ ಅಂಟಿಕೊಳ್ಳುವುದು ಹೇಗೆ?

ಉಂಡೆ ಕಟ್ಟಲು ಬಾರದೆ ಪುಡಿಪುಡಿಯಾಗುವುದು ಹೊಸಬರ ಸಾಮಾನ್ಯ ಗೋಳು. ಯಾವ ಉಂಡೆ ಯಾವುದರ ಬಲದಿಂದ ನಿಲ್ಲುತ್ತದೆ ಎಂಬುದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಮೊದಲನೆಯದು ಕಾಳಿನೊಳಗಿನ ಎಣ್ಣೆಯ ಬಲ. ಎಳ್ಳಿನಲ್ಲಿ ತೂಕದ ಸುಮಾರು ಅರ್ಧದಷ್ಟು ಎಣ್ಣೆಯೇ ಇದೆ. ಶೇಂಗಾದಲ್ಲೂ ಅದಕ್ಕೆ ಸಮೀಪದ ಪ್ರಮಾಣವಿದೆ. ಕಾಳನ್ನು ಬೆಲ್ಲದೊಡನೆ ಕುಟ್ಟಿದಾಗ ಜೀವಕೋಶಗಳು ಒಡೆದು ಎಣ್ಣೆ ಹೊರಬರುತ್ತದೆ. ಬೆಲ್ಲದ ಅಂಟುಗುಣ ಅದರೊಡನೆ ಸೇರಿ ಮುದ್ದೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಚಿಗಳಿಯಲ್ಲಿ ಪಾಕವೂ ಇಲ್ಲ, ತುಪ್ಪವೂ ಇಲ್ಲ, ಎಷ್ಟೋ ಮನೆಗಳಲ್ಲಿ ಒಲೆಯೂ ಇಲ್ಲ. ಒರಳು ಸಾಕು. ಮಿಕ್ಸಿಯಲ್ಲಿ ಮಾಡುವವರು ಒಂದೇ ಸಮನೆ ತಿರುಗಿಸದೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಇಲ್ಲವಾದರೆ ಜಾರು ಬಿಸಿಯಾಗಿ ಎಣ್ಣೆ ಅತಿಯಾಗಿ ಬಿಟ್ಟು ಮುದ್ದೆ ಜಿಡ್ಡಾಗುತ್ತದೆ.

ಎರಡನೆಯದು ಪಾಕ. ಇದೇ ಎಲ್ಲಕ್ಕಿಂತ ಕಷ್ಟದ್ದು. ಬೆಲ್ಲಕ್ಕೆ ಮುಳುಗುವುದಕ್ಕಿಂತ ಕಡಿಮೆ ನೀರು ಹಾಕಿ ಕರಗಿಸಿ, ಮಣ್ಣು ಕಸ ಹೋಗುವಂತೆ ಸೋಸಿ, ಮತ್ತೆ ಕುದಿಸಬೇಕು. ನೀರು ಇಂಗುತ್ತಾ ಹೋದಂತೆ ಪಾಕದ ಉಷ್ಣತೆ ಏರುತ್ತದೆ. ಒಂದು ಹನಿಯನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟಾಗ ಅದು ಕರಗದೆ, ಬೆರಳಿಗೆ ಮೆತ್ತನೆಯ ಉಂಡೆಯಾಗಿ ಸಿಕ್ಕರೆ ಉಂಡೆಪಾಕ. ಆಗ ಉಷ್ಣತೆ ಸುಮಾರು 112ರಿಂದ 116 ಡಿಗ್ರಿ ಸೆಲ್ಸಿಯಸ್. ಇನ್ನೂ ಕಾಯಿಸಿ, ನೀರಿನಲ್ಲಿ ಗಟ್ಟಿಯಾದ ಹನಿಯನ್ನು ಬಟ್ಟಲಿನ ಅಂಚಿಗೆ ಬಡಿದಾಗ ಟಣ್ ಎಂದರೆ ಅದು ಚಿಕ್ಕಿಯ ಪಾಕ. ಪುರಿ ಉಂಡೆ, ಗುಳ್ಳಡಕಿ ಉಂಡಿಗಳಿಗೆ ತುಸು ಗಟ್ಟಿ ಪಾಕ ಬೇಕು. ಎಳೆಪಾಕವಾದರೆ ಪುರಿ ಮೆತ್ತಗಾಗಿ ಕುಗ್ಗುತ್ತದೆ. ಪಾಕ ಹಾಕಿದ ಉಂಡೆಯನ್ನು ಬಿಸಿಯಾಗಿರುವಾಗಲೇ ಕಟ್ಟಬೇಕಾದ್ದರಿಂದ ಕೈಗೆ ತುಪ್ಪ ಸವರಿಕೊಳ್ಳುವುದು ಅಗತ್ಯ. ಈ ಕೆಲಸದಲ್ಲಿ ಮಕ್ಕಳನ್ನು ಹತ್ತಿರ ಬಿಡಬಾರದು; ಪಾಕದ ಸುಟ್ಟಗಾಯ ಕುದಿನೀರಿನದಕ್ಕಿಂತ ಆಳವಾದುದು, ಏಕೆಂದರೆ ಪಾಕ ಚರ್ಮಕ್ಕೆ ಅಂಟಿ ನಿಲ್ಲುತ್ತದೆ.

ಮೂರನೆಯದು ಬಿಸಿ ತುಪ್ಪ, ನಾಲ್ಕನೆಯದು ಅಂಟು. ಅಂಟನ್ನು ಬಟಾಣಿ ಗಾತ್ರಕ್ಕೆ ಒಡೆದು ಸ್ವಲ್ಪ ಸ್ವಲ್ಪವೇ ಕರಿಯಬೇಕು. ದೊಡ್ಡ ಹರಳು ಹೊರಗೆ ಅರಳಿ ಒಳಗೆ ಹಸಿಯಾಗಿ ಉಳಿದು ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಅಂದಹಾಗೆ, ಅಂಟು ಬಹುಮಟ್ಟಿಗೆ ನಾರಿನಂಶ. ಅಂಟಿನುಂಡೆಯ ಬಲವೆಲ್ಲ ಅಂಟಿನದೇ ಎಂಬ ನಂಬಿಕೆಯಿದ್ದರೂ ಶಕ್ತಿ ಬರುವುದು ಅದು ಹೀರಿಕೊಂಡ ತುಪ್ಪ, ಜತೆಗಿರುವ ಕೊಬ್ಬರಿ, ಗೋಡಂಬಿ ಹಾಗೂ ಬೆಲ್ಲದಿಂದ.

ಇವೆಲ್ಲಕ್ಕಿಂತ ಸುಲಭವಾದುದು ಹಣ್ಣಿನ ಅಂಟು. ಬೀಜ ತೆಗೆದ ಮೆತ್ತನೆಯ ಖರ್ಜೂರವನ್ನು ಅರೆದರೆ ಅದೇ ಪಾಕದ ಕೆಲಸ ಮಾಡುತ್ತದೆ. ಇಂದಿನ 'ಎನರ್ಜಿ ಬಾಲ್'ಗಳ ಗುಟ್ಟು ಇಷ್ಟೇ.

ಬೆಲ್ಲದ ಲೆಕ್ಕ

ಬೆಲ್ಲ ಸಕ್ಕರೆಯಲ್ಲ ಎಂಬ ಮಾತು ಅಡುಗೆಮನೆಯ ಅತಿ ದೊಡ್ಡ ಸಮಾಧಾನ. 100 ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕಿಲೋಕ್ಯಾಲರಿ ಶಕ್ತಿಯಿದ್ದರೆ ಅಷ್ಟೇ ಬೆಲ್ಲದಲ್ಲಿ ಸುಮಾರು 380 ಇರುತ್ತದೆ. ಬೆಲ್ಲದಲ್ಲಿ ಕಬ್ಬಿಣ, ಪೊಟ್ಯಾಸಿಯಂ ಮುಂತಾದ ಖನಿಜಗಳು ಒಂದಿಷ್ಟು ಉಳಿದಿರುತ್ತವೆ ಎಂಬುದು ನಿಜ. ಆದರೆ ಒಂದು ಉಂಡೆಯಲ್ಲಿ ಸೇರುವ ಎಂಟು ಹತ್ತು ಗ್ರಾಂ ಬೆಲ್ಲದಿಂದ ಸಿಗುವ ಖನಿಜ ಅತ್ಯಲ್ಪ. ರಕ್ತದಲ್ಲಿನ ಸಕ್ಕರೆಯನ್ನು ಏರಿಸುವ ವಿಷಯದಲ್ಲಿ ಎರಡೂ ಅಕ್ಕತಂಗಿಯರು.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಹೊರಗಿನಿಂದ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸ ಇತ್ಯಾದಿಗಳಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇ. 10ನ್ನು ಮೀರಬಾರದು, ಶೇ. 5ಕ್ಕಿಂತ ಕಡಿಮೆಯಿದ್ದರೆ ಇನ್ನೂ ಒಳ್ಳೆಯದು. ಬೆಲ್ಲವೂ ಈ ಲೆಕ್ಕದೊಳಗೇ ಬರುತ್ತದೆ. ದಿನಕ್ಕೆ 2000 ಕಿಲೋಕ್ಯಾಲರಿ ಉಣ್ಣುವವರಿಗೆ ಶೇ. 5 ಎಂದರೆ ಸುಮಾರು 25 ಗ್ರಾಂ.

ಈಗ ಸಾಮಾನ್ಯ ಶೇಂಗಾ ಉಂಡಿಯನ್ನು ತಕ್ಕಡಿಗೆ ಹಾಕಿದರೆ ಚಿತ್ರ ಸ್ಪಷ್ಟವಾಗುತ್ತದೆ. 250 ಗ್ರಾಂ ಶೇಂಗಾಕ್ಕೆ 150 ಗ್ರಾಂ ಬೆಲ್ಲ ಹಾಕಿ 25 ಗ್ರಾಂ ತೂಕದ 16 ಉಂಡಿ ಕಟ್ಟಿದರೆ ಒಂದೊಂದರಲ್ಲೂ ಅಂದಾಜು 125 ಕಿಲೋಕ್ಯಾಲರಿ, ನಾಲ್ಕು ಗ್ರಾಂ ಪ್ರೋಟೀನು ಹಾಗೂ ಎಂಟು ಗ್ರಾಂ ಸಕ್ಕರೆ ಇರುತ್ತದೆ. ಮೂರು ಉಂಡಿ ತಿಂದರೆ ದಿನದ ಸಕ್ಕರೆಯ ಪಾಲು ಮುಗಿಯಿತು. ಬೆಳಗಿನ ಕಾಫಿಯ ಸಕ್ಕರೆಗೆ ಇನ್ನು ಜಾಗವಿಲ್ಲ. ಉಳುಮೆ ಮಾಡಿ ಬಂದವನಿಗೆ ಆ ಶಕ್ತಿ ಬೇಕಿತ್ತು. ಕಚೇರಿಯ ಕುರ್ಚಿಯಲ್ಲಿ ಎಂಟು ತಾಸು ಕೂರುವವನಿಗೆ ಅದೇ ಮೂರು ಉಂಡಿ ಒಂದು ಸಣ್ಣ ಊಟವೇ ಸರಿ.

ಇದು ಬರಿಯ ಮನೆಯ ಪ್ರಶ್ನೆಯಲ್ಲ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ನೀಡುವ ಪದ್ಧತಿ ಕೆಲವು ವರ್ಷ ನಡೆದು, 2025ರಲ್ಲಿ ಚಿಕ್ಕಿಯನ್ನು ಕೈಬಿಡುವ ತೀರ್ಮಾನವಾಯಿತು. ಚಿಕ್ಕಿಯಲ್ಲಿನ ಸಕ್ಕರೆ, ಕೊಬ್ಬಿನ ಪ್ರಮಾಣ ಮತ್ತು ದಾಸ್ತಾನಿನ ಲೋಪಗಳು ಕಾರಣವಾಗಿ ಮುಂದೆ ಬಂದವು. ಶೇಂಗಾ ಒಳ್ಳೆಯದಾದರೂ ಅದನ್ನು ಹಿಡಿದಿಡುವ ಪಾಕ ಮತ್ತು ಇಟ್ಟ ಗೋದಾಮು ಒಳ್ಳೆಯವಾಗಿರಬೇಕಲ್ಲ.

ಸಕ್ಕರೆ ಬೆಲ್ಲ ಸೇರಿಸದ ಉಂಡೆ

ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿ ಎಳ್ಳು, ಶೇಂಗಾ, ಹುರಿಗಡಲೆ, ಕೊಬ್ಬರಿ ಮತ್ತು ಬೆಲ್ಲ ಇರುತ್ತವೆ. ಅದರಿಂದ ಬೆಲ್ಲವನ್ನು ತೆಗೆದು ಆ ಜಾಗದಲ್ಲಿ ಖರ್ಜೂರವನ್ನು ಇಟ್ಟರೆ ಪೇಟೆಯ ಯಾವ ಪೊಟ್ಟಣಕ್ಕೂ ಕಡಿಮೆಯಿಲ್ಲದ ಉಂಡೆ ಸಿದ್ಧ.

ಬೇಕಾಗುವ ಪದಾರ್ಥಗಳು: ಬೀಜ ತೆಗೆದ ಮೆತ್ತನೆಯ ಖರ್ಜೂರ 150 ಗ್ರಾಂ, ಶೇಂಗಾ 100 ಗ್ರಾಂ, ಎಳ್ಳು 50 ಗ್ರಾಂ, ಹುರಿಗಡಲೆ 50 ಗ್ರಾಂ, ಒಣಕೊಬ್ಬರಿ ತುರಿ 25 ಗ್ರಾಂ, ನಾಲ್ಕು ಏಲಕ್ಕಿ, ಎರಡು ಚಿಟಿಕೆ ಉಪ್ಪು.

ಶೇಂಗಾವನ್ನು ಸಣ್ಣ ಉರಿಯಲ್ಲಿ, ಸಿಪ್ಪೆ ತಾನಾಗಿ ಬಿಡುವವರೆಗೆ ಹುರಿಯಬೇಕು. ಅವಸರ ಮಾಡಿದರೆ ಹೊರಗೆ ಕಪ್ಪಾಗಿ ಒಳಗೆ ಹಸಿಯಾಗಿರುತ್ತದೆ. ಎಳ್ಳನ್ನು ಬೇರೆಯಾಗಿ, ಚಟಪಟ ಸಿಡಿಯತೊಡಗುವವರೆಗೆ ಮಾತ್ರ ಹುರಿದು ಕೂಡಲೇ ತಟ್ಟೆಗೆ ಸುರಿಯಬೇಕು. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಕಹಿಯಾಗುತ್ತದೆ. ಕೊಬ್ಬರಿಗೆ ಬರಿ ಬೆಚ್ಚಗಾಗುವಷ್ಟು ಕಾವು ಸಾಕು. ಎಲ್ಲವೂ ಪೂರ್ತಿ ಆರಿದ ಮೇಲೆ ಹುರಿಗಡಲೆಯನ್ನೂ ಏಲಕ್ಕಿಯನ್ನೂ ನುಣ್ಣಗೆ, ಶೇಂಗಾವನ್ನು ತರಿತರಿಯಾಗಿ ಪುಡಿ ಮಾಡಬೇಕು. ಎಳ್ಳಿನಲ್ಲಿ ಅರ್ಧ ಪುಡಿ ಮಾಡಿ ಅರ್ಧವನ್ನು ಹಾಗೆಯೇ ಬಿಟ್ಟರೆ ಬಾಯಿಗೆ ಹಿತ. ಕೊನೆಗೆ ಖರ್ಜೂರವನ್ನು ನೀರು ತಾಕಿಸದೆ ಅರೆದು ಎಲ್ಲವನ್ನೂ ಕೂಡಿಸಿ ನಾದಿ, ನೆಲ್ಲಿಕಾಯಿ ಗಾತ್ರದ 25 ಉಂಡೆ ಕಟ್ಟಬಹುದು. ಖರ್ಜೂರ ಒಣಗಿದ್ದು ಮುದ್ದೆ ಕೂಡದಿದ್ದರೆ ಒಂದು ಚಮಚ ಬಿಸಿ ತುಪ್ಪ ಸೇರಿಸಬೇಕೇ ಹೊರತು ನೀರನ್ನಾಗಲಿ ಹಾಲನ್ನಾಗಲಿ ಸೇರಿಸಬಾರದು. ತೇವ ಸೇರಿದ ಉಂಡೆಗೆ ಬೇಗನೆ ಬೂಷ್ಟು ಹಿಡಿಯುತ್ತದೆ.

15 ಗ್ರಾಂ ತೂಗುವ ಇಂಥ ಒಂದು ಉಂಡೆಯಲ್ಲಿ ಅಂದಾಜು 65 ಕಿಲೋಕ್ಯಾಲರಿ, ಎರಡು ಗ್ರಾಂ ಪ್ರೋಟೀನು, ನಾಲ್ಕು ಗ್ರಾಂ ಸಕ್ಕರೆಯಿರುತ್ತದೆ. ಆ ಸಕ್ಕರೆಯೂ ನಾರಿನೊಡನೆ ಬರುವ ಹಣ್ಣಿನದು. ಹಾಗೆಂದು ಖರ್ಜೂರಕ್ಕೆ ವಿಶೇಷ ರಿಯಾಯಿತಿಯೇನೂ ಇಲ್ಲ. ಅದರ ತೂಕದ ಮೂರನೇ ಎರಡು ಪಾಲು ಸಕ್ಕರೆಯೇ. 'ಶುಗರ್ ಫ್ರೀ' ಎಂದು ಬರೆದುಕೊಂಡ ಖರ್ಜೂರದ ಉಂಡೆಯನ್ನು ಮಧುಮೇಹಿಗಳು ಲೆಕ್ಕವಿಲ್ಲದೆ ತಿನ್ನುವುದು ಅಪಾಯಕರ.

ಸಿಹಿತಿಂಡಿಯ ರುಚಿ ಬರಲು ಸಿಹಿಯನ್ನು ಹೆಚ್ಚಿಸಬೇಕಾಗಿಲ್ಲ. ಹದವಾಗಿ ಹುರಿದ ಕಾಳಿನ ಘಮ ಮತ್ತು ಎರಡು ಚಿಟಿಕೆ ಉಪ್ಪು ಇರುವ ಸಿಹಿಯನ್ನೇ ಎತ್ತಿ ತೋರಿಸುತ್ತವೆ. ಜಾಯಿಕಾಯಿ, ಒಣಶುಂಠಿ, ಚೂರು ಪಚ್ಚಕರ್ಪೂರಗಳಲ್ಲಿ ಯಾವುದಾದರೊಂದನ್ನು ಸೇರಿಸಬಹುದು. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಔಷಧಿಯ ವಾಸನೆ ಬರುತ್ತದೆ. ಚಾಕೊಲೇಟನ್ನೇ ಬೇಡುವ ಮಕ್ಕಳಿಗಾಗಿ ಹುರಿಗಡಲೆಯಲ್ಲಿ 15 ಗ್ರಾಂ ಕಡಿಮೆ ಮಾಡಿ ಅಷ್ಟೇ ಸಿಹಿರಹಿತ ಕೋಕೋ ಪುಡಿ ಹಾಕಿದರೆ ಬೇಕರಿಯ ತಿನಿಸಿನಂತೆಯೇ ಇರುತ್ತದೆ.

ರಾಗಿ, ಅಗಸೆ

ರಾಗಿಯಲ್ಲಿ 100 ಗ್ರಾಂಗೆ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದು ಏಕದಳ ಧಾನ್ಯಗಳಲ್ಲಿ ಇದಕ್ಕೆ ಸಾಟಿಯಿಲ್ಲ. ಉಂಡೆಗೆ ಹೇಳಿ ಮಾಡಿಸಿದಂಥದು ಹುರಿಹಿಟ್ಟು. ತೇವಗೊಳಿಸಿದ ರಾಗಿಯನ್ನು ಕಾದ ಬಾಣಲೆಯಲ್ಲಿ ಅರಳಿಸಿ ಬೀಸಿದ ಈ ಹಿಟ್ಟು ಆಗಲೇ ಬೆಂದಿರುವುದರಿಂದ ಮತ್ತೆ ಒಲೆಯ ಹಂಗಿಲ್ಲ. ಎರಡು ಬಟ್ಟಲು ಹುರಿಹಿಟ್ಟಿಗೆ ಮುಕ್ಕಾಲು ಬಟ್ಟಲು ಬೆಲ್ಲದ ಪುಡಿ, ಅರ್ಧ ಬಟ್ಟಲು ಶೇಂಗಾ ಪುಡಿ, ಏಲಕ್ಕಿ ಬೆರೆಸಿ, ಹಿಡಿಯುವಷ್ಟು ಬಿಸಿ ತುಪ್ಪ ಹಾಕಿ ಕಟ್ಟಬಹುದು. ಹುರಿಹಿಟ್ಟು ಸಿಗದೆ ಸಾದಾ ರಾಗಿ ಹಿಟ್ಟನ್ನು ಬಳಸುವವರು ಹಸಿವಾಸನೆ ಪೂರ್ತಿ ಹೋಗುವವರೆಗೆ ತುಪ್ಪದಲ್ಲಿ ಹುರಿಯಲೇಬೇಕು. ಬೇಯದ ಹಿಟ್ಟು ಹೊಟ್ಟೆಗೆ ಆಗದು.

ಅಗಸೆಯನ್ನು ಹುರಿದು ಪುಡಿ ಮಾಡಿಯೇ ಹಾಕಬೇಕು. ಇಡೀ ಬೀಜ ಜೀರ್ಣವಾಗದೆ ಹೊರಟುಹೋಗುತ್ತದೆ. ಇದರಲ್ಲಿರುವ ಒಮೆಗಾ-3 ಕೊಬ್ಬು ಪುಡಿಯಾದ ಮೇಲೆ ಗಾಳಿಗೆ ಬೇಗ ಕೆಡುವುದರಿಂದ ವಾರಕ್ಕೆ ಬೇಕಾದಷ್ಟನ್ನೇ ಮಾಡಿಕೊಳ್ಳುವುದು ಲೇಸು.

ರಕ್ತಹೀನತೆಗೆ ಉಂಡೆ ಮದ್ದೇ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಎಳ್ಳುಂಡೆ ತಿಂದರೆ ರಕ್ತ ಬರುತ್ತದೆ ಎಂಬ ಮಾತು ಪ್ರತಿ ಮನೆಯಲ್ಲೂ ಕೇಳಿಬರುವುದಕ್ಕೆ ಈ ಹಿನ್ನೆಲೆಯಿದೆ.

ಎಳ್ಳು, ಬೆಲ್ಲ, ರಾಗಿಗಳಲ್ಲಿ ಕಬ್ಬಿಣವಿದೆ. ಆದರೆ ಸಸ್ಯಮೂಲದ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಕಾಳುಗಳಲ್ಲಿರುವ ಫೈಟೇಟ್ ಎಂಬ ಅಂಶ ಅದನ್ನು ಕಟ್ಟಿಹಾಕುತ್ತದೆ. ಎಳ್ಳಿನ ಕ್ಯಾಲ್ಸಿಯಂ ಬಹುತೇಕ ಸಿಪ್ಪೆಯಲ್ಲಿದ್ದು, ಅಲ್ಲಿ ಆಕ್ಸಲೇಟ್ ಜತೆಗೂಡಿರುವುದರಿಂದ ಅದೂ ಪೂರ್ಣವಾಗಿ ದಕ್ಕುವುದಿಲ್ಲ. ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಂತೂ ಕ್ಯಾಲ್ಸಿಯಂ ತೀರ ಕಡಿಮೆ.

ಇದಕ್ಕೆ ಉಪಾಯ ಉಂಡೆಯೊಳಗಿಲ್ಲ, ಅದರ ಪಕ್ಕದಲ್ಲಿದೆ. ಸಿ ಜೀವಸತ್ವ ಕಬ್ಬಿಣದ ಹೀರಿಕೆಯನ್ನು ಹೆಚ್ಚಿಸುತ್ತದೆ; ಚಹಾ ಮತ್ತು ಕಾಫಿಗಳು ತಡೆಯುತ್ತವೆ. ಆದ್ದರಿಂದ ಸಂಜೆಯ ಚಹಾದೊಡನೆ ಉಂಡೆ ಕೊಡುವ ಬದಲು ಸೀಬೆಹಣ್ಣು, ಕಿತ್ತಳೆ ಅಥವಾ ನೆಲ್ಲಿಕಾಯಿಯೊಡನೆ ಕೊಟ್ಟರೆ ಅದೇ ಉಂಡೆ ಹೆಚ್ಚು ಫಲ ಕೊಡುತ್ತದೆ. ಚಹಾಕ್ಕೂ ಉಂಡೆಗೂ ನಡುವೆ ಒಂದು ತಾಸಿನ ಅಂತರವಿರಲಿ. ವೈದ್ಯರು ಬರೆದುಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ಬಿಟ್ಟು ಉಂಡೆಯನ್ನೇ ನೆಚ್ಚಿ ಕೂರುವ ಗರ್ಭಿಣಿಯರು ತಮಗೂ ಮಗುವಿಗೂ ಕೇಡು ತಂದುಕೊಳ್ಳುತ್ತಾರೆ.

ಯಾರು ಎಚ್ಚರ ವಹಿಸಬೇಕು?

ಒಂದು ವರ್ಷ ತುಂಬದ ಶಿಶುವಿಗೆ ಜೇನು ಬೆರೆಸಿದ ಯಾವ ಉಂಡೆಯನ್ನೂ ನೆಕ್ಕಿಸಬಾರದು. ಜೇನಿನಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಗಳನ್ನು ಎದುರಿಸುವ ಶಕ್ತಿ ಆ ವಯಸ್ಸಿನ ಕರುಳಿಗಿಲ್ಲ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಗೋಡಂಬಿ ಚೂರುಗಳು ಉಸಿರುನಾಳಕ್ಕೆ ಸಿಕ್ಕಿಕೊಳ್ಳುವ ಸಂಭವವಿರುವುದರಿಂದ ನುಣ್ಣಗೆ ಪುಡಿ ಮಾಡಿದ ಉಂಡೆಯನ್ನೇ, ಅದೂ ಮುರಿದು, ಕೂರಿಸಿ ತಿನ್ನಿಸಬೇಕು. ಶೇಂಗಾ ಮತ್ತು ಎಳ್ಳಿನ ಅಲರ್ಜಿ ಅಪರೂಪವಾದರೂ ತೀವ್ರವಾಗಬಲ್ಲದು. ಅಮೆರಿಕದಲ್ಲಿ 2023ರ ಜನವರಿಯಿಂದ ಎಳ್ಳನ್ನೂ ಪ್ರಮುಖ ಅಲರ್ಜಿಕಾರಕಗಳ ಪಟ್ಟಿಗೆ ಸೇರಿಸಿ ಪೊಟ್ಟಣದ ಮೇಲೆ ನಮೂದಿಸುವುದನ್ನು ಕಡ್ಡಾಯ ಮಾಡಲಾಗಿದೆ. ಅಲ್ಲಿನ ಶಾಲೆ, ಕಚೇರಿಗಳಿಗೆ ಎಳ್ಳುಂಡೆ ಕೊಂಡೊಯ್ಯುವ ಕನ್ನಡಿಗರು ಕೇಳಿ ಹಂಚುವುದು ಕ್ಷೇಮ.

ಆಯ್ಕೆ ಮತ್ತು ಶೇಖರಣೆ

ಉಂಡೆಯ ಗುಣ ಕಾಳು ಆರಿಸುವಾಗಲೇ ನಿರ್ಧಾರವಾಗುತ್ತದೆ. ತೇವದಲ್ಲಿ ಇಟ್ಟ ಶೇಂಗಾಕ್ಕೆ ಹಿಡಿಯುವ ಒಂದು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ದೀರ್ಘಕಾಲ ಸೇವಿಸಿದರೆ ಇದು ಯಕೃತ್ತಿಗೆ ಮಾರಕ. ಹುರಿದರೆ ಈ ವಿಷ ಪೂರ್ತಿ ನಾಶವಾಗುವುದಿಲ್ಲ ಎಂಬುದನ್ನು ಮರೆಯಬಾರದು. ಮುರುಟಿದ, ಕಪ್ಪಾದ, ಹಸಿರು ಛಾಯೆಯ ಬೀಜಗಳನ್ನು ಒಂದೊಂದಾಗಿ ಆರಿಸಿ ಎಸೆಯಬೇಕು. ತಿಂದಾಗ ಕಹಿಯೆನಿಸಿದರೆ ಆ ಬೀಜವನ್ನು ಉಗುಳಬೇಕೇ ಹೊರತು ಮುಂದಿನದನ್ನು ತಿಂದು ರುಚಿ ಸರಿಪಡಿಸಿಕೊಳ್ಳಬಾರದು. ಅಗ್ಗಕ್ಕೆ ಸಿಗುವ ಒಡೆದ ಶೇಂಗಾ ಚೂರುಗಳನ್ನು ಉಂಡೆಗೆ ಬಳಸದಿರುವುದು ಒಳಿತು. ಹೊಂಬಣ್ಣದಿಂದ ಹೊಳೆಯುವ ಬೆಲ್ಲಕ್ಕೆ ಮರುಳಾಗಬೇಕಿಲ್ಲ. ಬಣ್ಣ ತಿಳಿಯಾಗಲೆಂದು ಆಲೆಮನೆಗಳಲ್ಲಿ ರಾಸಾಯನಿಕ ಬಳಸುವುದುಂಟು.

ಕಟ್ಟಿದ ಉಂಡೆಗಳನ್ನು ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಬೇಕು. ಪಾಕದ ಉಂಡೆ ಗಾಳಿಯಾಡದ ಡಬ್ಬಿಯಲ್ಲಿ ಮೂರು ವಾರ ಚೆನ್ನಾಗಿರುತ್ತದೆ. ಖರ್ಜೂರದ ಉಂಡೆಯನ್ನು ಹೊರಗೆ ನಾಲ್ಕೈದು ದಿನ, ಫ್ರಿಜ್ಜಿನಲ್ಲಿ ಎರಡು ವಾರ ಇಡಬಹುದು. ಒಣಕೊಬ್ಬರಿಯ ಬದಲು ಹಸಿ ಕಾಯಿತುರಿ ಹಾಕಿದ್ದು ಮರುದಿನಕ್ಕೇ ಹಳಸುತ್ತದೆ. ಕೊಡಗಿನ ಬಾಳೆಹಣ್ಣಿನ ತಂಬುಟ್ಟಂತೂ ಅಂದೇ ಮುಗಿಯಬೇಕು. ಮಳೆಗಾಲದಲ್ಲಿ ಈ ಅವಧಿಗಳನ್ನೆಲ್ಲ ಅರ್ಧಕ್ಕಿಳಿಸಿ, ಡಬ್ಬಿಗೆ ಒದ್ದೆ ಕೈ ಹಾಕದಂತೆ ನೋಡಿಕೊಳ್ಳಬೇಕು. ಹಳೆಯ ಎಣ್ಣೆಯ ಕಮಟು ವಾಸನೆ ಬಂದ ಉಂಡೆಯನ್ನು ಮತ್ತೆ ಹುರಿದು ಸರಿಪಡಿಸಲು ಬರುವುದಿಲ್ಲ.